ಕತ್ತರಿ ಬಿದ್ದ ಕೂಪನ್: ಹಳೇ ಬಂದೂಕು ಜಾಹೀರಾತುಗಳ ಕಥೆ

 

ಹಳೇ ಮಿಲಿಟರಿ ಪತ್ರಿಕೆಗಳನ್ನ, ಅವುಗಳಲ್ಲಿ ಬರ್ತಿದ್ದ ಬಂದೂಕಿನ ಜಾಹೀರಾತುಗಳಿಗೋಸ್ಕರ ಹುಡುಕಿ ಹುಡುಕಿ ಕೊಳ್ಳೋ ಜನ ಅಮೆರಿಕದಲ್ಲಿ ಇದ್ದಾರೆ. ರದ್ದಿ ಪೇಪರ್‌ಗೆ ಯಾಕಪ್ಪಾ ಇಷ್ಟು ದುಡ್ಡು ಅಂತೀರಾ? ಒಂದು ಪುಟ್ಟ ಕೂಪನ್ನಿನ ಕಥೆ ಕೇಳಿ, ಆಮೇಲೆ ನೀವೇ ಹೇಳಿ.

ಮೊದಲು ಸ್ವಲ್ಪ ಹಿನ್ನೆಲೆ. 1863ರಲ್ಲಿ ಅಮೆರಿಕದ ಅಂತರ್ಯುದ್ಧ ನಡೀತಿತ್ತು. ಆಗ ನ್ಯೂಯಾರ್ಕ್‌ನಲ್ಲಿ ವಿಲಿಯಂ ಕಾನಂಟ್ ಚರ್ಚ್ ಅನ್ನೋರು 'ಆರ್ಮಿ ಅಂಡ್ ನೇವಿ ಜರ್ನಲ್' ಎಂಬ ವಾರಪತ್ರಿಕೆ ಶುರು ಮಾಡಿದರು. ನಮ್ಮ ಸೈನಿಕರಿಗೆ ನೆಟ್ಟಗೆ ಗುರಿಯಿಡೋಕೆ ಬರಲ್ಲ ಅನ್ನೋದು ಅವರ ಕೊರಗು. ಆ ಕೊರಗಿನಿಂದಲೇ 1871ರಲ್ಲಿ ಜಾರ್ಜ್ ವಿಂಗೇಟ್ ಜೊತೆ ಸೇರಿ ಅವರು ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕಟ್ಟಿದರು. ಹೌದು, ಇವತ್ತು ಸುದ್ದಿಯಲ್ಲಿ ಕೇಳ್ತೀವಲ್ಲ, ಅದೇ ಎನ್‌ಆರ್‌ಎ. 1923ರಿಂದ ಈ ಸಂಸ್ಥೆಯ ಪತ್ರಿಕೆಯ ಹೆಸರು 'ಅಮೆರಿಕನ್ ರೈಫಲ್‌ಮನ್'.

ಈಗ ಕೂಪನ್ನಿಗೆ ಬರೋಣ. ಈ ಪತ್ರಿಕೆಯ 1963ರ ಫೆಬ್ರವರಿ ಸಂಚಿಕೆಯಲ್ಲಿ ಶಿಕಾಗೋದ 'ಕ್ಲೈನ್ಸ್' ಅಂಗಡಿಯ ಜಾಹೀರಾತು ಇತ್ತು. ಇಟಲಿ ಸೈನ್ಯದ ಹಳೇ ರೈಫಲ್, ದೂರದರ್ಶಕದ ಸಮೇತ 19.95 ಡಾಲರ್. ಯಾರೋ 'ಹೈಡೆಲ್' ಅನ್ನೋ ಹೆಸರಲ್ಲಿ ಆ ಕೂಪನ್ ಕತ್ತರಿಸಿ, ಅಂಚೆ ವೆಚ್ಚವೂ ಸೇರಿ 21.45 ಡಾಲರ್ ಮನಿ ಆರ್ಡರ್ ಕಳಿಸಿದರು. ರೈಫಲ್ ಡಲ್ಲಾಸ್‌ನ ಪೋಸ್ಟ್ ಬಾಕ್ಸ್‌ಗೆ ಬಂತು. ಅದೇ ವರ್ಷ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಹತ್ಯೆಯಾಯಿತು. ಹೈಡೆಲ್ ಅಂದ್ರೆ ಲೀ ಹಾರ್ವಿ ಆಸ್ವಾಲ್ಡ್ ಅಂತ ವಾರನ್ ಆಯೋಗ ಹೇಳಿತು. ಕೂಪನ್ ಯಾವ ಪತ್ರಿಕೆಯದು, ಯಾವ ತಿಂಗಳಿನದು ಅನ್ನೋದನ್ನೂ ಪತ್ತೆ ಹಚ್ಚಿತು.

ಇಲ್ಲೊಂದು ತೊಡಕಿದೆ. ಫೆಬ್ರವರಿ ಜಾಹೀರಾತಲ್ಲಿ ರೈಫಲ್ ಉದ್ದ 36 ಇಂಚು. ಸಿಕ್ಕಿದ ರೈಫಲ್ 40.2 ಇಂಚು. ಈ ನಾಲ್ಕು ಇಂಚು ಹಿಡ್ಕೊಂಡು ಪಿತೂರಿ ಕಥೆ ಕಟ್ಟಿದವರು ಎಷ್ಟೋ ಜನ. ಆದರೆ ಅದೇ ವರ್ಷ ಆಮೇಲೆ ಬಂದ ಕ್ಲೈನ್ಸ್ ಜಾಹೀರಾತುಗಳನ್ನ ಪಕ್ಕದಲ್ಲಿಟ್ಟು ನೋಡಿ, ಅಲ್ಲಿ 40 ಇಂಚು ಅಂತಿದೆ. ಅಂದ್ರೆ ಅಂಗಡಿಯ ಸರಕೇ ಬದಲಾಗಿತ್ತು. ಇದು ಗೊತ್ತಾಗೋದು ತಿಂಗಳು, ವರ್ಷ ಗೊತ್ತಿರೋ ಪುಟಗಳು ಉಳಿದಿದ್ದರೆ ಮಾತ್ರ. ಮುಂದೆ 1968ರ ಕಾಯ್ದೆ, ಹೀಗೆ ಅಂಚೆ ಮೂಲಕ ರಾಜ್ಯದಿಂದ ರಾಜ್ಯಕ್ಕೆ ಜನಸಾಮಾನ್ಯರಿಗೆ ಬಂದೂಕು ಮಾರೋದನ್ನ ನಿಲ್ಲಿಸಿತು.

ಬೇಜಾರಿನ ಸಂಗತಿ ಏನು ಗೊತ್ತಾ? ಹಳೇ ಪತ್ರಿಕೆಗಳನ್ನ ಬೈಂಡ್ ಮಾಡಿಸುವಾಗ ಎಷ್ಟೋ ಲೈಬ್ರರಿಗಳು ಜಾಹೀರಾತು ಪುಟಗಳನ್ನೇ ಕಿತ್ತು ಎಸೆದವು. ಈಗ ಕೆಲವು ವ್ಯಾಪಾರಿಗಳು ಉಳಿದ ಸಂಚಿಕೆಗಳನ್ನೂ ಬಿಚ್ಚಿ, ಚೆಂದದ ಜಾಹೀರಾತನ್ನ ಫ್ರೇಮ್ ಹಾಕಿ ಮಾರ್ತಾರೆ. ಗೋಡೆಗೆ ಅಂದ, ಚರಿತ್ರೆಗೆ ನಷ್ಟ. ತಾರೀಖು ಹೋದ ಜಾಹೀರಾತು ಬರೀ ಚಿತ್ರ, ಸಾಕ್ಷಿ ಅಲ್ಲ.

ಹಾಗಾಗಿ ನಿಮಗೂ ಈ ಹುಚ್ಚು ಹಿಡಿದರೆ ಮೂರು ಮಾತು ನೆನಪಿರಲಿ. ಒಂದು, ಕೊಳ್ಳೋದಾದ್ರೆ ಇಡೀ ಸಂಚಿಕೆ ಕೊಳ್ಳಿ. ಎರಡು, ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಸಿಲು, ತೇವ ತಾಗದ ಕಡೆ ಇಡಿ. ಮರದ ತಿರುಳಿನ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತೆ. ಮೂರು, ಮೊಬೈಲಲ್ಲಿ ಫೋಟೋ ತೆಗೆಯುವಾಗ ಜಾಹೀರಾತಿನ ಜೊತೆ ಮುಖಪುಟವನ್ನೂ ತೆಗೀರಿ.

ಅಂದಹಾಗೆ, ನಮ್ಮಲ್ಲಿ ಬಂದೂಕು ಇಟ್ಕೊಳ್ಳೋಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು. ಅದರ ಜಾಹೀರಾತಿಗೆ ಬೇಕಾಗಿಲ್ಲ. ಕೂಪನ್ ಕತ್ತರಿಸಿದ ಸಂಚಿಕೆ ಸಿಕ್ಕಿದರೂ ಬಿಸಾಡಬೇಡಿ. ಆ ತೂತಿನ ಹಿಂದೆ, ಏನನ್ನೋ ತರಿಸಿಕೊಂಡ ಒಬ್ಬ ಮನುಷ್ಯ ಇದ್ದಿರಬಹುದು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.