ವಾಂತಿ-ಭೇದಿ: ಕಾರಣ ಗುರುತಿಸುವ ಬಗೆ



ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ವಾಂತಿ, ಭೇದಿ, ಹೊಟ್ಟೆನುಲಿತ ಶುರುವಾದರೆ, ತಿಂದದ್ದು ಆಗಿಬರಲಿಲ್ಲವೆಂದು ಮಜ್ಜಿಗೆ ಕುಡಿಸಿ ಮಲಗಿಸುವುದು ರೂಢಿ. ಬಹಳ ಸಲ ಅದು ತಾನಾಗಿ ವಾಸಿಯಾಗುತ್ತದೆ. ಆದರೆ ಬೆಳೆಗೆ ಹೊಡೆಯುವ ಕೀಟನಾಶಕ ಮೈಗೆ ಸೇರಿದಾಗಲೂ ಇವೇ ಲಕ್ಷಣಗಳು ಕಾಣುತ್ತವೆ. ಅಂಥ ರೋಗಿಯನ್ನು ಮನೆಯಲ್ಲೇ ಇರಿಸಿಕೊಂಡರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಮೂರು ವಿಷಯಗಳನ್ನು ವಿಚಾರಿಸಬೇಕು: ಎಷ್ಟು ಹೊತ್ತಿಗೆ ಶುರುವಾಯಿತು? ಯಾರು ಯಾರಿಗೆ ಆಯಿತು? ಹೊಟ್ಟೆಯ ತೊಂದರೆಯಲ್ಲದೆ ಮೈಯಲ್ಲಿ ಬೇರೇನು ಕಾಣುತ್ತಿದೆ?

ಹಳಸಿದ ಆಹಾರ: ಊಟವಾದ 1ರಿಂದ 6 ಗಂಟೆಯೊಳಗೆ, ಜೊತೆಗೆ ಉಂಡ ಹಲವರಿಗೆ ವಾಂತಿಯೇ ಹೆಚ್ಚಾಗಿ ಆದರೆ, ಆಹಾರದಲ್ಲಿ ಬೆಳೆದ ರೋಗಾಣುಗಳ ವಿಷವೇ ಕಾರಣವಿರಬಹುದು. ಇದರಲ್ಲಿ ಜ್ವರ ಕಡಿಮೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಗುಣವಾಗುತ್ತದೆ. ಇಂಥ ಕೆಲವು ವಿಷಗಳು ಮತ್ತೆ ಕುದಿಸಿದರೂ ಹೋಗುವುದಿಲ್ಲ.

ರೋಗಾಣುಗಳ ಸೋಂಕು: ಅರ್ಧ ದಿನದಿಂದ ಎರಡು ಮೂರು ದಿನಗಳ ಬಳಿಕ ಜ್ವರ, ನುಲಿತ, ಭೇದಿ ಕಂಡರೆ ಸೋಂಕಿನ ಶಂಕೆ ಹೆಚ್ಚು. ಮೊದಲು ಮಗುವಿಗೆ, ಮರುದಿನ ತಾಯಿಗೆ, ಹೀಗೆ ಒಬ್ಬರಾದ ಮೇಲೊಬ್ಬರಿಗೆ ಬಂದರೆ ವೈರಾಣು ಕಾರಣವಿರಬಹುದು. ಮಲದಲ್ಲಿ ರಕ್ತ, ಆಮ ಬಿದ್ದರೆ ಅದು ಆಮಶಂಕೆ, ವೈದ್ಯರಿಗೆ ತೋರಿಸಲೇಬೇಕು.

ಕಾಲರಾ: ಅಕ್ಕಿ ತೊಳೆದ ನೀರಿನಂಥ ಭೇದಿ ಧಾರಾಳವಾಗಿ ಆಗುತ್ತದೆ. ಹೊಟ್ಟೆನೋವು, ಜ್ವರ ಅಷ್ಟಾಗಿ ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಮೈಯ ನೀರು ಬತ್ತಿ ಕಣ್ಣು ಗುಳಿಬೀಳುತ್ತದೆ. ಕೂಡಲೇ ಆಸ್ಪತ್ರೆಗೆ ಸೇರಿಸಿ, ಕುಡಿಯುವ ನೀರಿನ ಮೂಲವನ್ನು ಪರೀಕ್ಷಿಸಲು ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಕೀಟನಾಶಕದ ವಿಷ: ಮಾನೋಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್‌ಗಳಂಥ ರಂಜಕಯುಕ್ತ ಕೀಟನಾಶಕಗಳು ಬಾಯಿಂದ ಮಾತ್ರವಲ್ಲ, ಚರ್ಮದಿಂದಲೂ ಉಸಿರಿನಿಂದಲೂ ಒಳಸೇರುತ್ತವೆ. ವಾಂತಿ, ಭೇದಿಯ ಜೊತೆಗೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ಸಾಸಿವೆ ಕಾಳಿನಷ್ಟು ಕುಗ್ಗಿದ ಕಣ್ಣಿನ ಪಾಪೆ, ಮಾಂಸಖಂಡಗಳ ಅದುರುವಿಕೆ, ಉಸಿರಾಟದ ಕಷ್ಟ ಇವು ಇದರ ಗುರುತು. ಎಲ್ಲವೂ ಒಟ್ಟಿಗೆ ಕಾಣಬೇಕೆಂದಿಲ್ಲ. ಒಂದೇ ಅಡುಗೆ ಉಂಡ ಮನೆಯವರೆಲ್ಲ ಚೆನ್ನಾಗಿದ್ದು, ಅಂದು ಸಿಂಪರಣೆ ಮಾಡಿದವನಿಗೆ ಮಾತ್ರ ವಾಂತಿಯಾದರೆ ಊಟವನ್ನು ದೂರದೆ ವಿಷವನ್ನೇ ಶಂಕಿಸಬೇಕು. ಊಟ ಮಾಡುತ್ತಿದ್ದಂತೆಯೇ ಹಲವರು ಒಟ್ಟಿಗೆ ಅಸ್ವಸ್ಥರಾದರೂ ಇದೇ ಶಂಕೆ ಇರಲಿ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಇದ್ದುದು ಪರೀಕ್ಷೆಯಿಂದ ತಿಳಿಯಿತು.

ಮಾಡಬೇಕಾದದ್ದು: ವಿಷದ ಶಂಕೆಯಿದ್ದರೆ ತೊಟ್ಟ ಬಟ್ಟೆ ಕಳಚಿ, ಮೈಯನ್ನು ಸೋಪು, ನೀರಿನಿಂದ ತೊಳೆಯಿರಿ. ತೊಳೆಯುವವರು ಕೈಗೆ ವಿಷ ತಾಗದಂತೆ ನೋಡಿಕೊಳ್ಳಲಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಹಾಲು, ಎಣ್ಣೆ, ಉಪ್ಪುನೀರು ಕುಡಿಸಬೇಡಿ. ಎಚ್ಚರ ತಪ್ಪಿದ್ದು ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಿ. ಕೀಟನಾಶಕದ ಡಬ್ಬಿ ಅಥವಾ ಚೀಟಿಯನ್ನು ತಪ್ಪದೆ ಒಯ್ಯಿರಿ. ಅದರ ಮೇಲೆ ಪ್ರತಿವಿಷದ ಹೆಸರು ಇರುತ್ತದೆ.

ಉಳಿದ ವಾಂತಿ-ಭೇದಿಗಳಲ್ಲಿ ಮೈಯ ನೀರು ಬತ್ತದಂತೆ ನೋಡಿಕೊಳ್ಳುವುದೇ ಮುಖ್ಯ. ಜೀವಜಲದ ಪೊಟ್ಟಣ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಸಮತಟ್ಟು ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಹಸುಗೂಸಿಗೆ ಎದೆಹಾಲು ನಿಲ್ಲಿಸಬಾರದು. ಕುಡಿದದ್ದು ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಂಪರು ಕವಿದರೆ ಅಥವಾ ಹೊಟ್ಟೆ ಗಟ್ಟಿಯಾಗಿ ನೋವು ಬಿಡದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಕೀಟನಾಶಕವನ್ನು ಅಡುಗೆ ಮನೆಯಲ್ಲಿ ಇಡಬೇಡಿ. ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಎಣ್ಣೆಗಾಗಲಿ ನೀರಿಗಾಗಲಿ ಬಳಸಬೇಡಿ. ತೂತು ಮಾಡಿ ಮತ್ತೆ ಬಳಕೆಗೆ ಬಾರದಂತೆ ಮಾಡಿ. ಸಿಂಪರಣೆ ಮುಗಿದ ಮೇಲೆ ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಊಟಕ್ಕೆ ಕೂರಿ. ಬೆಳೆಯ ಪಾಲಿಗೆ ಔಷಧಿಯಾದದ್ದು ಮನುಷ್ಯನಿಗೆ ವಿಷವೆಂಬುದನ್ನು ಮನೆಮಂದಿಗೆಲ್ಲ ತಿಳಿಸಿರಿ.