ಗಣಕಯಂತ್ರದ ಲೆಕ್ಕ, ಮನುಷ್ಯನ ಮಾತು



ಲೆಕ್ಕ ತಾಳೆಯಾಗದಿದ್ದಾಗ "ಕಂಪ್ಯೂಟರ್ ಹೀಗೇ ತೋರಿಸುತ್ತಿದೆ, ನಾವೇನು ಮಾಡೋಣ?" ಎಂಬ ಉತ್ತರವನ್ನು ನೀವೂ ಎಲ್ಲಾದರೂ ಕೇಳಿರುತ್ತೀರಿ. ಅಲ್ಲಿಗೆ ಮಾತು ಮುಗಿಯುತ್ತದೆ. ಹೀಗೆ ಮಾತು ಮುಗಿಸಿಬಿಟ್ಟರೆ ಏನಾಗಬಹುದು ಎಂಬುದನ್ನು ತಿಳಿಯಲು ಬ್ರಿಟನ್ನಿನ ಅಂಚೆ ಕಚೇರಿಗಳ ಕಥೆಯನ್ನು ನೋಡಬೇಕು.

1999ರಲ್ಲಿ ಅಲ್ಲಿನ ಸರ್ಕಾರಿ ಒಡೆತನದ ಅಂಚೆ ಸಂಸ್ಥೆ ತನ್ನ ಶಾಖೆಗಳಲ್ಲಿ 'ಹೊರೈಜನ್' ಎಂಬ ಲೆಕ್ಕಪತ್ರದ ತಂತ್ರಾಂಶವನ್ನು ಅಳವಡಿಸತೊಡಗಿತು. ಅದನ್ನು ಒದಗಿಸಿದ್ದು ಜಪಾನಿನ ಫುಜಿತ್ಸು ಸಮೂಹದ ಕಂಪನಿ. ಊರಿನ ಪುಟ್ಟ ಅಂಗಡಿಯ ಜೊತೆಗೇ ಅಂಚೆ ಕಚೇರಿ ನಡೆಸುತ್ತಿದ್ದವರು ಲೆಕ್ಕ ಕೂಡಿಸಿದರೆ ಪರದೆಯ ಮೇಲೆ ಸಾವಿರಾರು ಪೌಂಡುಗಳ ಕೊರತೆ! ಆ ಕೊರತೆಯನ್ನು ಅವರೇ ತುಂಬಬೇಕೆಂದು ಸಂಸ್ಥೆ ಪಟ್ಟು ಹಿಡಿಯಿತು. ಕೆಲವರು ಉಳಿತಾಯದ ಹಣ ಸುರಿದರು, ಕೆಲವರು ಸಾಲ ಮಾಡಿದರು. ಸಹಾಯವಾಣಿಗೆ ಫೋನು ಮಾಡಿದ ಹಲವರಿಗೆ ಸಿಕ್ಕ ಉತ್ತರ, ಇಂಥ ತೊಂದರೆ ನಿಮಗೊಬ್ಬರಿಗೇ ಎಂದು. 2015ರವರೆಗೆ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಆರೋಪಗಳಲ್ಲಿ ಅಪರಾಧಿಗಳೆನಿಸಿದರು. ಭಾರತ ಮೂಲದ ಸೀಮಾ ಮಿಶ್ರಾ 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಸೆರೆಮನೆ ಸೇರಬೇಕಾಯಿತು.

ಸತ್ಯ ಬೇಗ ಹೊರಬರಲಿಲ್ಲವೇಕೆ? ಯಂತ್ರದ ಒಳಗಿನ ದಾಖಲೆ ಕಂಪನಿಯ ಕೈಯಲ್ಲಿತ್ತು. ಅದರ ಸಿಬ್ಬಂದಿ ದೂರದಿಂದಲೇ ಶಾಖೆಯ ಲೆಕ್ಕವನ್ನು ಬದಲಾಯಿಸಬಹುದಿತ್ತು. ಅಂಚೆ ಸಂಸ್ಥೆ ಇದನ್ನು ವರ್ಷಗಟ್ಟಲೆ ಅಲ್ಲಗಳೆಯಿತು. ನ್ಯಾಯಾಲಯಗಳೂ ಕಂಪ್ಯೂಟರ್ ಸರಿಯಾಗಿಯೇ ಇದೆ ಎಂಬ ಊಹೆಯಿಂದ ಹೊರಡುತ್ತಿದ್ದವು.

2003ರಲ್ಲಿ ಅಂಚೆ ಕಚೇರಿ ಕಳೆದುಕೊಂಡ ಅಲನ್ ಬೇಟ್ಸ್ ಸುಮ್ಮನಿರಲಿಲ್ಲ. ತಮ್ಮಂಥವರನ್ನು ಒಬ್ಬೊಬ್ಬರಾಗಿ ಹುಡುಕಿ ಒಟ್ಟುಗೂಡಿಸಿದರು. 555 ಮಂದಿ ಸೇರಿ ದಾವೆ ಹೂಡಿದರು. ತಂತ್ರಾಂಶದಲ್ಲಿನ ದೋಷಗಳೇ ಇಂಥ ಕೊರತೆ ತೋರಿಸಬಲ್ಲವು ಎಂದು 2019ರ ಡಿಸೆಂಬರಿನಲ್ಲಿ ಲಂಡನ್ ಹೈಕೋರ್ಟ್ ತೀರ್ಪಿತ್ತಿತು. 2024ರ ಜನವರಿಯಲ್ಲಿ ಐಟಿವಿ ವಾಹಿನಿ ಈ ಹೋರಾಟವನ್ನು ನಾಲ್ಕು ಕಂತುಗಳ ನಾಟಕವಾಗಿ ತೋರಿಸಿದಾಗ ಇಡೀ ದೇಶವೇ ಎದ್ದು ಕುಳಿತಿತು. ಅದೇ ಮೇ ತಿಂಗಳಲ್ಲಿ ನೂರಾರು ಮಂದಿಯ ಅಪರಾಧ ನಿರ್ಣಯಗಳನ್ನು ರದ್ದುಪಡಿಸುವ ಕಾನೂನು ಬಂತು. ಟಿವಿ ಮಾಧ್ಯಮದವನಾಗಿ ಇದರಿಂದ ನನಗೆ ಸಂತೋಷವೇ. ಆದರೂ ನ್ಯಾಯವು ನಾಟಕದ ದಾರಿ ಕಾಯಬೇಕಾಯಿತಲ್ಲ ಎಂಬ ಕಸಿವಿಸಿ ಉಳಿಯುತ್ತದೆ.

ತೂಕದ ಬಗ್ಗೆ ಅನುಮಾನ ಬಂದರೆ ಮೊದಲು ತಕ್ಕಡಿಯನ್ನೇ ಪರೀಕ್ಷಿಸಬೇಕೆಂದು ವಿಜ್ಞಾನದ ಪ್ರಯೋಗಶಾಲೆಯಲ್ಲಿ ಕಲಿಸುತ್ತಾರೆ. ಗಣಕಯಂತ್ರವೂ ಒಂದು ತಕ್ಕಡಿಯೇ. ಪರದೆಯ ಮೇಲಿನ ಅಂಕಿ ನಿಮ್ಮ ಅರಿವಿಗೆ ಹೊಂದದಿದ್ದರೆ ರಸೀದಿಗಳನ್ನು ಜೋಪಾನ ಮಾಡಿ, ವಿವರವನ್ನು ಬರವಣಿಗೆಯಲ್ಲಿ ಕೇಳಿ. ಕೌಂಟರಿನ ಆಚೆ ಕುಳಿತವರು ನೀವೇ ಆಗಿದ್ದರೆ "ನಿಮಗೊಬ್ಬರಿಗೇ ಹೀಗೆ" ಎನ್ನುವ ಮುನ್ನ, ಇನ್ನೂ ಯಾರಿಗೆಲ್ಲ ಹೀಗಾಗಿದೆ ಎಂದು ದಯವಿಟ್ಟು ಒಮ್ಮೆ ವಿಚಾರಿಸಿ.