ಉಪ್ಪು, ಬೆವರು ಮತ್ತು ಲಿಥಿಯಂ

ಇವತ್ತು ಒಂದೇ ಒಂದು ಮಾತ್ರೆ ಬಗ್ಗೆ ಮಾತಾಡೋಣ: ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಇದರ ಗುಣ ತೋರಿಸಿಕೊಟ್ಟರು. ಬೈಪೋಲಾರ್ ಕಾಯಿಲೆಗೆ ಇವತ್ತಿಗೂ ಕೊಡ್ತಾರೆ. ನಾನು ಓದಿದ್ದು ಬಿ.ಕಾಂ., ಆದ್ರೂ ಈ ಲೆಕ್ಕ ನಮ್ಮ ಅಘನಾಶಿನಿ ದಡದವರಿಗೆ ಗೊತ್ತಿರ್ಲೇಬೇಕು.

ಯಾಕಂದ್ರೆ ಲಿಥಿಯಂ ಉಪ್ಪಿನ ನೆಂಟ. ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ದುಡಿಯೋರು, ಹೊಳೇಲಿ ಬಳಚು ತೆಗೆಯೋರು ಬಿಸಿಲಲ್ಲಿ ಬೆವರು ಸುರಿಸ್ತಾರೆ. ಮೈಯಲ್ಲಿ ಉಪ್ಪು, ನೀರು ಇಳಿದ್ರೆ ಕಿಡ್ನಿ ಉಪ್ಪಿನ ಜೊತೆ ಲಿಥಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತೆ. ನಿನ್ನೆ ಸರಿಯಿದ್ದ ಡೋಸೇ ಇವತ್ತು ವಿಷ ಆಗ್ಬಹುದು. ವಾಂತಿ-ಭೇದಿ ಆದ್ರೂ ಅಷ್ಟೇ. ಮೈಕೈ ನೋವಿಗೆ ಐಬುಪ್ರೊಫೇನ್ ನುಂಗಿದ್ರೂ ರಕ್ತದಲ್ಲಿ ಲಿಥಿಯಂ ಏರುತ್ತೆ.

ಕೈ ಜೋರಾಗಿ ನಡುಗಿದ್ರೆ, ನಡಿಗೆ ತೂರಾಡಿದ್ರೆ, ಮಾತು ತೊದಲಿದ್ರೆ ‘ಕುಡಿದಿದಾನೆ’ ಅಂತ ಬಿಟ್ಟುಬಿಡಬೇಡಿ. ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ಹೋಗಿ. ಹಾಗಂತ ಚೆನ್ನಾಗಿರುವಾಗ ಹೆದರಿ ನೀವೇ ನಿಲ್ಲಿಸಬೇಡಿ, ಕಾಯಿಲೆ ಮರಳಿ ಬರುತ್ತೆ. ಡಾಕ್ಟರ್ ಹೇಳಿದಾಗೆಲ್ಲ ರಕ್ತಪರೀಕ್ಷೆ ಮಾಡಿಸಿ. ರಕ್ತ ಕೊಡಬೇಕಾದ್ದು ಕೊನೆಯ ಡೋಸ್ ಆಗಿ 12 ಗಂಟೆಗೆ. ಕಿಡ್ನಿ, ಥೈರಾಯ್ಡ್ ಪರೀಕ್ಷೆಯೂ ಬೇಕು.

ಅಮೆರಿಕದಲ್ಲಿ ತರಬೇತಾದ ನರ್ಸ್‌ಗಳೂ ಈ ಮಾತ್ರೆ ಬರೀತಾರೆ. ನಮ್ಮಲ್ಲಿ ಬರೆಯೋದು ಡಾಕ್ಟರ್. ಯಾರೇ ಬರೀಲಿ, ‘ನಿಮ್ಮ ಕೆಲಸ ಏನು? ಬಿಸಿಲಲ್ಲಾ?’ ಅಂತ ಕೇಳಬೇಕು. ಕೇಳದಿದ್ರೆ ನೀವೇ ಹೇಳಿ. ಬೇರೆ ಯಾವ ಮಾತ್ರೆ ತಗೋತೀರಿ ಅನ್ನೋದನ್ನೂ ಹೇಳಿ.

ಮನಸ್ಸಿನ ಯಾವುದೇ ತೊಂದರೆಗೆ ಟೆಲಿ-ಮಾನಸ್ ಇದೆ: 14416. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ. ಮತ್ತೆ ಸಿಗೋಣ.